ಒಂದು ಹನಿ ರಕ್ತದ ಓದು

ಚಳಿಜ್ವರದಿಂದ ನಡುಗುತ್ತಾ ಬಂದವರ ಬೆರಳ ತುದಿ ಚುಚ್ಚಿ ತೆಗೆದ ರಕ್ತ ಗಾಜಿನ ಸ್ಲೈಡ್ ಮೇಲೆ ಎರಡು ಬಗೆಯಲ್ಲಿ ಹರಡಿಕೊಳ್ಳುತ್ತದೆ. ದಪ್ಪ ಲೇಪನದಲ್ಲಿ ಹೆಚ್ಚು ರಕ್ತ ಇರುವುದರಿಂದ ಮಲೇರಿಯಾ ರೋಗಾಣು ಬೇಗ ಸಿಗುತ್ತದೆ. ಕೆಂಪು ಕಣಗಳು ಒಡೆಯದೆ ಉಳಿಯುವ ತೆಳು ಲೇಪನದಲ್ಲಿ ಅದರ ಜಾತಿ ಗೊತ್ತಾಗುತ್ತದೆ. ಬಣ್ಣ ಹಾಕಿದಾಗ ರೋಗಾಣುವಿನ ಕೇಂದ್ರ ಕೆಂಪಾಗಿ, ಸುತ್ತಲಿನ ಜೀವದ್ರವ್ಯ ನೀಲಿಯಾಗಿ ಕಾಣುತ್ತದೆ. ಹೊರದೇಶಗಳಲ್ಲಿ ಜೀಮ್ಸಾ ಬಣ್ಣ ಹೆಚ್ಚು ಬಳಕೆಯಲ್ಲಿದ್ದರೆ, ನಮ್ಮಲ್ಲಿ ಜಸ್ವಂತ್ ಸಿಂಗ್ ಮತ್ತು ಭಟ್ಟಾಚಾರ್ಜಿ 1944ರಲ್ಲಿ ಪ್ರಕಟಿಸಿದ, ಬೇಗ ಹಿಡಿಯುವ ಜೆಎಸ್‌ಬಿ ಬಣ್ಣವೂ ಬಳಕೆಯಲ್ಲಿದೆ.

ಕೆಂಪು ಕಣದೊಳಗೆ ಹೊಕ್ಕ ರೋಗಾಣು ಮೊದಲು ಹರಳಿನುಂಗುರದಂತೆ ಕಾಣುತ್ತದೆ. ಬೆಳೆದಾಗ ಟ್ರೋಫೊಜಾಯಿಟ್, ಹಲವಾಗಿ ಒಡೆಯುವಾಗ ಸೈಜಾಂಟ್. ಕೆಲವು ಮಾತ್ರ ಗಂಡು ಹೆಣ್ಣು ಗ್ಯಾಮೆಟೊಸೈಟ್‌ಗಳಾಗಿ ಸೊಳ್ಳೆಯ ಹೊಟ್ಟೆ ಸೇರಲು ಕಾಯುತ್ತವೆ.

ಮಂಗಳೂರಿನ ಪ್ರಯೋಗಾಲಯಗಳಿಗೆ ಚಿರಪರಿಚಿತ ಜಾತಿಯಾದ ವೈವ್ಯಾಕ್ಸ್‌ನಲ್ಲಿ ಈ ಎಲ್ಲ ಹಂತಗಳೂ ಬೆರಳಿನ ರಕ್ತದಲ್ಲೇ ಸಿಗುತ್ತವೆ. ಅದು ಹೊಕ್ಕ ಕಣ ಉಬ್ಬುತ್ತದೆ, ಅದರೊಳಗೆ ಷೂಫ್ನರ್ ಚುಕ್ಕೆಗಳು ಮೂಡುತ್ತವೆ. ಫಾಲ್ಸಿಪೇರಮ್ ಎಂಬ ಇನ್ನೊಂದು ಜಾತಿಯ ಸ್ವಭಾವವೇ ಬೇರೆ. ಕಣ ಉಬ್ಬುವುದಿಲ್ಲ, ಒಂದೇ ಕಣದಲ್ಲಿ ಎರಡು ಮೂರು ಸಣ್ಣ ಉಂಗುರಗಳಿರಬಹುದು. ಬೆಳೆದ ಹಂತಗಳು ಮಿದುಳಿನಂಥ ಅಂಗಗಳ ಕಿರುನಾಳಗಳ ಗೋಡೆಗೆ ಅಂಟಿಕೊಳ್ಳುವುದರಿಂದ ಸ್ಲೈಡಿನಲ್ಲಿ ಸಾಮಾನ್ಯವಾಗಿ ಉಂಗುರ ಮತ್ತು ಅರ್ಧಚಂದ್ರಾಕಾರದ ಗ್ಯಾಮೆಟೊಸೈಟ್ ಮಾತ್ರ ಕಾಣುತ್ತವೆ. ಅಲ್ಲಿ ಸೈಜಾಂಟ್ ಕಂಡಿತೆಂದರೆ ಅದು ಅಪಾಯದ ಮುನ್ಸೂಚನೆ, ವೈದ್ಯರಿಗೆ ತಕ್ಷಣ ತಿಳಿಸಬೇಕು.

ಚಿಕಿತ್ಸೆ ಈ ಓದನ್ನೇ ಅವಲಂಬಿಸಿದೆ. ವೈವ್ಯಾಕ್ಸ್ ಯಕೃತ್ತಿನಲ್ಲಿ ಅಡಗಿ ಕುಳಿತು ತಿಂಗಳುಗಳ ನಂತರ ಮರುಕಳಿಸಬಹುದು. ಅದಕ್ಕೆ ನಮ್ಮಲ್ಲಿ 14 ದಿನ ಪ್ರೈಮಾಕ್ವಿನ್ ಕೊಡುತ್ತಾರೆ. ಫಾಲ್ಸಿಪೇರಮ್‌ಗೆ ಆರ್ಟೆಮಿಸಿನಿನ್ ಸೇರಿದ ಸಂಯುಕ್ತ ಔಷಧ ಬೇಕು. ಪ್ರೈಮಾಕ್ವಿನ್ ಒಂದೇ ಸಲ, ಸೊಳ್ಳೆಗೆ ಸೋಂಕು ದಾಟದಂತೆ ಗ್ಯಾಮೆಟೊಸೈಟ್‌ಗಳನ್ನು ಕೊಲ್ಲಲು.

ಕೆಲವೇ ನಿಮಿಷಗಳಲ್ಲಿ ಉತ್ತರ ಕೊಡುವ ಮಲೇರಿಯಾ ಪರೀಕ್ಷಾ ಕಿಟ್‌ಗಳು ದೂರದ ಹಳ್ಳಿಗಳಿಗೆ ದೊಡ್ಡ ವರ. ಆದರೆ ರೋಗಾಣು ಯಾವ ಹಂತದಲ್ಲಿದೆ, ಎಷ್ಟಿದೆ ಎಂದು ಅವು ಹೇಳಲಾರವು. ಫಾಲ್ಸಿಪೇರಮ್ ಗುಣವಾದ ಮೇಲೂ ಕೆಲವು ಕಿಟ್‌ಗಳು ವಾರಗಟ್ಟಲೆ ಪಾಸಿಟಿವ್ ತೋರಿಸುತ್ತವೆ. ಔಷಧ ಕೆಲಸ ಮಾಡುತ್ತಿದೆಯೇ ಎಂಬುದಕ್ಕೆ ಮತ್ತೆ ಸ್ಲೈಡನ್ನೇ ನೋಡಬೇಕು.

ದಪ್ಪ ಲೇಪನದಲ್ಲಿ ಕನಿಷ್ಠ 100 ನೋಟಕ್ಷೇತ್ರಗಳನ್ನು ಎಣ್ಣೆ ಮಸೂರದಡಿ ನೋಡದೆ ನೆಗೆಟಿವ್ ಎಂದು ಬರೆಯುವಂತಿಲ್ಲ. ಮಲೇರಿಯಾ ಕಡಿಮೆಯಾದಷ್ಟೂ ಪಾಸಿಟಿವ್ ಸ್ಲೈಡ್ ಅಪರೂಪವಾಗುತ್ತದೆ, ನೋಡಿ ಕಲಿಯುವ ಅವಕಾಶವೂ ಕುಗ್ಗುತ್ತದೆ. ಆದ್ದರಿಂದ ಲ್ಯಾಬ್ ಟೆಕ್ನೀಷಿಯನ್‌ಗಳಿಗೆ ಮರುತರಬೇತಿ, ಒಳ್ಳೆಯ ಸೂಕ್ಷ್ಮದರ್ಶಕ, ಅವಸರವಿಲ್ಲದೆ ನೋಡುವಷ್ಟು ಸಮಯ ಈಗಲೇ ಹೆಚ್ಚು ಬೇಕು. ರೋಗ ಮರಳಿ ಬಂದರೆ ಮೊದಲು ಗುರುತಿಸಬೇಕಾದವರು ಅವರೇ.