ಮಳೆಗೆ ಮೊದಲೇ ಕಟ್ಟಿದ ಮೊಗ್ಗು

ಭರಣಿಯ ಮಳೆಯೋ ಕೃತ್ತಿಕೆಯ ಮಳೆಯೋ ಗುಡುಗು ಸಿಡಿಲುಗಳೊಡನೆ ಒಂದು ಸಂಜೆ ಧಾರಾಕಾರವಾಗಿ ಸುರಿದು, ತಿಂಗಳುಗಟ್ಟಲೆ ಕಾದು ಬಿರುಕುಬಿಟ್ಟಿದ್ದ ಮಣ್ಣು ಆಳದವರೆಗೂ ನೆನೆದು ತಣಿದ ಮೇಲೆ, ಮೂರು ನಾಲ್ಕು ದಿನಗಳೊಳಗಾಗಿ, ಬೆಂಗಳೂರು ಮೈಸೂರುಗಳ ಮನೆಗಳ ಮುಂದಣ ಪಾತಿಗಳಲ್ಲಿ, ಅದುವರೆಗೆ ಹುಲ್ಲೆಂದೇ ಉಪೇಕ್ಷಿತವಾಗಿದ್ದ ಎಲೆಗಳ ನಡುವಿನಿಂದ ಗೇಣುದ್ದದ ದಂಟುಗಳೆದ್ದು, ಒಂದೊಂದರ ತುದಿಯಲ್ಲಿಯೂ ಒಂದೊಂದೇ ಹೂವು ಆರು ದಳಗಳನ್ನು ಬಿಚ್ಚಿ ನಿಲ್ಲುವುದುಂಟು. ನಸುಗೆಂಪು, ಹಳದಿ, ಅಚ್ಚ ಬಿಳಿ ಎಂಬ ಬಣ್ಣಭೇದಗಳಿಂದ ಕೂಡಿದ ಈ ಮಳೆಲಿಲ್ಲಿಯನ್ನು ಕಂಡವರು, ಮಳೆಯೇ ಇದನ್ನು ಸೃಷ್ಟಿಸಿತೆಂದು ಭಾವಿಸುವುದು ಸಹಜವೇ ಸರಿ. ಆದರೆ ನಾಲ್ಕು ದಿನಗಳಲ್ಲಿ ಇಲ್ಲದ ಹೂವೊಂದನ್ನು ಕಟ್ಟಿ ನಿಲ್ಲಿಸುವ ಶಕ್ತಿ ಯಾವ ಮಳೆಗೂ ಇಲ್ಲ. ಮೊಗ್ಗು ಬಹು ಮೊದಲೇ, ನೆಲದೊಳಗಿನ ಗಡ್ಡೆಯ ಪದರಗಳ ನಡುವೆ, ಸೂಕ್ಷ್ಮಾಕಾರದಲ್ಲಿ ಸರ್ವಾಂಗಸಂಪೂರ್ಣವಾಗಿ ರೂಪುಗೊಂಡು, ಬೇಸಗೆಯ ಒಣ ದಿನಗಳಲ್ಲಿ ಸುಪ್ತವಾಗಿದ್ದಿತು. ಮಳೆ ತಂದದ್ದು ಬಿಡುಗಡೆಯನ್ನು ಮಾತ್ರ.

ಆ ಬಿಡುಗಡೆಯ ಬಗೆ ವಿಚಾರಯೋಗ್ಯವಾದುದು. ಹೊಸ ಜೀವಕೋಶಗಳನ್ನು ನಿರ್ಮಿಸುವುದು ಸಸ್ಯಕ್ಕೆ ಸಾವಕಾಶದ ಕಾರ್ಯ. ಆಗಲೇ ನಿರ್ಮಿತವಾಗಿರುವ ಕೋಶಗಳು ನೀರನ್ನು ಹೀರಿ ಉಬ್ಬಿ ನೀಳವಾಗುವುದಾದರೋ ಗಂಟೆಗಳ ಮಾತು. ಬರಗಾಲದಲ್ಲಿ ಬೆಳವಣಿಗೆಯನ್ನು ತಡೆದು ಹಿಡಿಯುವ ಅಬ್ಸಿಸಿಕ್ ಆಮ್ಲವೆಂಬ ಸಸ್ಯಚೋದಕವು ನೀರು ದೊರೆತೊಡನೆ ಕ್ಷೀಣಿಸಿ, ದಂಟನ್ನು ನೀಳಗೊಳಿಸುವ ಜಿಬ್ಬರೆಲಿನ್ನುಗಳು ಪ್ರಬಲವಾಗಲು, ಮುಷ್ಟಿಯಲ್ಲಿ ಮಡಿಸಿಟ್ಟ ರೇಷ್ಮೆಯ ವಸ್ತ್ರದಂತೆ ಅಡಗಿದ್ದ ಹೂವು ಹೊರಬಂದು ಅರಳುತ್ತದೆ. ಒಂದೆರಡು ದಿನಗಳಿದ್ದು ಬಾಡುತ್ತದೆ.

ಮಳೆಲಿಲ್ಲಿ ಈ ದೇಶದ್ದಲ್ಲ. ಅದರ ಬಳಗವೆಲ್ಲವೂ ಅಮೆರಿಕ ಖಂಡಗಳದು. 1821ರಲ್ಲಿ ವಿಲಿಯಂ ಹರ್ಬರ್ಟ್ ಎಂಬ ಇಂಗ್ಲೆಂಡಿನ ಸಸ್ಯಶಾಸ್ತ್ರಜ್ಞನು ಅದಕ್ಕೆ ಜೆಫಿರಾಂಥಸ್ ಎಂಬ ಕುಲನಾಮವನ್ನಿತ್ತನು. ಒಣಗಾಲ ಮಳೆಗಾಲಗಳೆರಡೂ ಸ್ಪಷ್ಟವಾಗಿ ಬೇರ್ಪಟ್ಟ ಸೀಮೆಯಲ್ಲಿ ಬಾಳಿದ ಇದರ ಸೋದರ ಜಾತಿಗಳಿಗೆ ನಮ್ಮ ಗ್ರೀಷ್ಮವೂ ವರ್ಷಾಕಾಲವೂ ಪರಕೀಯವೆನಿಸಲಿಲ್ಲ. ಮಳೆಲಿಲ್ಲಿ ಅರಳುವ ದಿನಗಳಲ್ಲಿಯೇ ಬರಿಯ ನೆಲದಿಂದ ದಂಟೊಂದೆದ್ದು, ನೂರಾರು ಕಿರುಹೂಗಳು ಕೂಡಿದ ಕೆಂಪು ಚೆಂಡನ್ನು ಎತ್ತಿ ಹಿಡಿಯುವ ಮೇ ತಿಂಗಳ ಹೂವಿನ ಗಡ್ಡೆಯೂ ಆಫ್ರಿಕದಿಂದ ಬಂದು ಇಲ್ಲಿ ನೆಲಸಿದ ಅತಿಥಿ.

ಮೊದಲೇ ಮೊಗ್ಗು ಕಟ್ಟಿ ಮಳೆಗಾಗಿ ಕಾಯುವ ಈ ಧರ್ಮವು ಗಡ್ಡೆಗಳಿಗೆ ಮಾತ್ರ ಸೀಮಿತವೆಂದು ತಿಳಿಯಬಾರದು. ಕೊಡಗು ಚಿಕ್ಕಮಗಳೂರುಗಳ ತೋಟಗಾರರು ಫಾಲ್ಗುಣ ಚೈತ್ರಗಳಲ್ಲಿ ಹೂಮಳೆಗಾಗಿ ಮುಗಿಲನ್ನು ನೋಡುತ್ತ ಕುಳಿತಿರುವುದು ಇದೇ ಕಾರಣದಿಂದ. ಕಾಫಿಯ ಗಿಡ ಮೊಗ್ಗುಗಳನ್ನು ಮೊದಲೇ ತಳೆದು, ಒಣಹವೆಯ ಬಾಧೆಯನ್ನು ಕೆಲವು ವಾರಗಳ ಕಾಲ ಅನುಭವಿಸಿ, ಒಳ್ಳೆಯದೊಂದು ಮಳೆ ಬಿದ್ದ ಎಂಟು ಹತ್ತು ದಿನಗಳಿಗೆ, ಮಲ್ಲಿಗೆಯನ್ನು ನೆನಪಿಸುವ ಪರಿಮಳದೊಡನೆ, ಇಡೀ ಗುಡ್ಡವೇ ಬೆಳ್ಳಗಾಗುವಂತೆ ಒಮ್ಮೆಲೇ ಅರಳುತ್ತದೆ. ಆ ಬಾಧೆಯಿಲ್ಲದೆ ಸದಾ ತೇವದಲ್ಲಿದ್ದ ಗಿಡದಲ್ಲಿ ಹೂವು ಚೆದುರಿ ಚೆದುರಿ ಬರುವುದೇ ಹೊರತು ಹೀಗೆ ಏಕಕಾಲದಲ್ಲಿ ಬಾರದು. ಮಲಯ ಸೀಮೆಯಲ್ಲಿ ಪಾರಿವಾಳದ ಆರ್ಕಿಡ್ ಎಂಬುದೊಂದುಂಟು. ಅದಕ್ಕೆ ಸಂಕೇತ ನೀರಿಗಿಂತ ಮಿಗಿಲಾಗಿ ಬಿರುಮಳೆಯಿಂದುಂಟಾಗುವ ಹಠಾತ್ತಾದ ತಂಪು. ಆ ತಂಪು ತಾಕಿದ ಸುಮಾರು 9 ದಿನಗಳಿಗೆ, ಒಂದು ಪ್ರಾಂತದ ಗಿಡಗಳೆಲ್ಲವೂ ಒಂದೇ ಮುಂಜಾನೆ ಅರಳುವುವು. ಹೀಗೆ ಒಟ್ಟಾಗಿ ಅರಳುವುದರಿಂದ ದುಂಬಿ ಜೇನುಗಳು ಗಿಡದಿಂದ ಗಿಡಕ್ಕೆ ಪರಾಗವನ್ನೊಯ್ಯುವುದು ಸುಲಭವಾಗುವುದು. ಅಲ್ಪಾಯುವಾದ ಹೂವಿಗೆ ಇದಕ್ಕಿಂತ ಹಿರಿದಾದ ಲಾಭವಿಲ್ಲ.

ಎಲ್ಲ ಹೂಗಳಿಗೂ ಬಿರುಮಳೆ ಹಿತವೆಂದಲ್ಲ. ಗುಲಾಬಿಯ ತುಂಬುಮೊಗ್ಗು ನೆನೆದು, ಹೊರದಳಗಳು ಅಂಟಿಕೊಂಡು, ಬಿರಿಯದೆಯೇ ಕೊಳೆಯುವುದುಂಟು. ಬುಡದಲ್ಲಿ ನೀರು ನಿಂತರೆ ಬೇರುಗಳಿಗೆ ಉಸಿರು ಕಟ್ಟಿ ದಾಸವಾಳ ಮೊಗ್ಗುದುರಿಸುವುದು.

ಮನೆಯ ತೋಟವನ್ನು ಅಕ್ಕರೆಯಿಂದ ಸಾಕುವವರಿಗೆ ಹೇಳಬೇಕಾದುದೊಂದಿದೆ. ಬಿಸಿಲಿಗೆ ಸೊರಗಿತೆಂಬ ಮರುಕದಿಂದ ಮಳೆಲಿಲ್ಲಿಯ ಪಾತಿಗೆ ದಿನವೂ ಕೊಳಾಯಿಯ ನೀರನ್ನು ಬಿಡುವವರು, ಎಲೆಯನ್ನು ಹುಲುಸಾಗಿ ಪಡೆದು ಹೂವಿನ ಸುಗ್ಗಿಯನ್ನು ಕಳೆದುಕೊಳ್ಳುತ್ತಾರೆ. ಏತಕ್ಕೆಂದರೆ ಒಣಗಿನ ಬಿಡುವೇ ಇಲ್ಲದ ಗಡ್ಡೆಗೆ ಮಳೆಯ ಕರೆ ಕರೆಯಾಗಿ ಕೇಳಿಸದು. ಮಲ್ಲಿಗೆಯ ಬೇಸಾಯಗಾರರು ಗಿಡ ಸವರುವ ಮೊದಲು ನೀರು ನಿಲ್ಲಿಸುವ ಪದ್ಧತಿಯಲ್ಲಿಯೂ ಇದೇ ವಿವೇಕವಿದೆ. ಮಳೆಲಿಲ್ಲಿಯನ್ನು ಕುಂಡದಲ್ಲಿ ಬೆಳೆಸುವವರು ಎರಡು ಮೂರು ವಾರ ಮಣ್ಣನ್ನು ಒಣಗಗೊಟ್ಟು, ಆಮೇಲೆ ತಳದಿಂದ ನೀರು ಹರಿಯುವಷ್ಟು ತೋಯಿಸಿದರೆ ವರ್ಷದಲ್ಲಿ ಹಲವು ಬಾರಿ ಹೂವನ್ನು ಕಾಣಬಹುದು. ಗಡ್ಡೆಗಳು ತಾವಾಗಿಯೇ ಮರಿಯಿಟ್ಟು ಗುಂಪಾಗುವುವು. ಕಿಕ್ಕಿರಿದಾಗ ಅಗೆದು ಬಿಡಿಸಿ, ಎರಡು ಬೆರಳಿನಷ್ಟು ಆಳದಲ್ಲಿ ನೆಟ್ಟು, ಮಿಕ್ಕುದನ್ನು ನೆರೆಹೊರೆಯವರಿಗೆ ಹಂಚಬಹುದು. ಹಂಚುವಾಗ ಮಕ್ಕಳಿರುವ ಮನೆಯವರಿಗೆ ಒಂದು ಮಾತನ್ನು ಅವಶ್ಯವಾಗಿ ತಿಳಿಸತಕ್ಕದ್ದು: ಆ ಗಡ್ಡೆ ಸಣ್ಣೀರುಳ್ಳಿಯನ್ನೇ ಹೋಲುವುದಾದರೂ ಅದರಲ್ಲಿ ಲೈಕೊರಿನ್ ಎಂಬ ವಿಷವಿದೆ, ತಿಂದರೆ ವಾಂತಿಯಾಗುವುದು.