ಹೊಸ ಫ್ಲೂ ಜ್ವರ: ಆರೋಗ್ಯ ಸಹಾಯಕಿಯ ಸಿದ್ಧತೆ, ದಂಪತಿಗಳ ಕರ್ತವ್ಯ

ಫ್ಲೂ ಜ್ವರ ಹರಡಿರುವ ಕಾಲದಲ್ಲಿ ಆರೋಗ್ಯ ಸಹಾಯಕಿಯು ಮಾಸ್ಕ್ ಧರಿಸಿ, ನಿಮ್ಮ ಅಂಗಳದಲ್ಲಿಯೇ ನಿಂತು ಮಾತನಾಡಿದರೆ, “ನಮ್ಮನ್ನು ಕಂಡರೆ ಇವರಿಗೆ ಅಸಹ್ಯವೇ?” ಎಂದು ನೀವು ನೊಂದುಕೊಳ್ಳಬಹುದು. ಹಾಗೆ ಭಾವಿಸುವುದು ಸರಿಯಲ್ಲ. ಅದಕ್ಕೆ ಕಾರಣವಿದೆ.

ಫ್ಲೂ ಜ್ವರವು ವೈರಸ್ ಎಂಬ ಅತಿ ಸೂಕ್ಷ್ಮವಾದ ರೋಗಾಣುವಿನಿಂದ ಬರುತ್ತದೆ. ರೋಗಿಯು ಕೆಮ್ಮಿದಾಗ, ಸೀನಿದಾಗ ಸಿಡಿಯುವ ತುಂತುರುಗಳಿಂದ ಇತರರಿಗೆ ಹರಡುತ್ತದೆ. ಈ ವೈರಸ್ ತನ್ನ ರೂಪವನ್ನು ಬದಲಿಸುತ್ತಲೇ ಇರುತ್ತದೆ. ತೀರ ಹೊಸ ರೂಪ ತಾಳಿದಾಗ, ಅದನ್ನು ಎದುರಿಸುವ ಶಕ್ತಿ ಬಹುಮಂದಿಯ ದೇಹದಲ್ಲಿ ಇರುವುದಿಲ್ಲ. 1918-19ರಲ್ಲಿ ಇಂತಹ ಜ್ವರದಿಂದ ಭಾರತದಲ್ಲಿ ಒಂದು ಕೋಟಿಗೂ ಹೆಚ್ಚು ಜನ ಮಡಿದರು. 2009ರಲ್ಲಿ ಕಾಣಿಸಿಕೊಂಡ ಎಚ್1ಎನ್1 ಎಂಬ ಹೊಸ ಬಗೆಯು ಕೆಲವೇ ತಿಂಗಳುಗಳಲ್ಲಿ ಜಗತ್ತಿನಲ್ಲೆಲ್ಲ ಹರಡಿತು. ಗರ್ಭಿಣಿಯರಲ್ಲಿ ಅದು ವಿಶೇಷವಾಗಿ ಉಲ್ಬಣಿಸಿತು.

ಫ್ಲೂ ತಗುಲಿದವರಿಂದ, ಜ್ವರ ಕಾಣಿಸುವ ಒಂದು ದಿನ ಮುಂಚೆಯೇ ರೋಗವು ಇತರರಿಗೆ ಅಂಟಬಲ್ಲದು. ಮನೆಮನೆಗೆ ಹೋಗಿ ಬಾಣಂತಿಯರನ್ನೂ ಹಸುಗೂಸುಗಳನ್ನೂ ನೋಡುವ ಸಹಾಯಕಿಗೇ ರೋಗ ತಗುಲಿದರೆ, ಅವರು ಅರಿಯದೆಯೇ ಅದನ್ನು ಹರಡಿದಂತಾಗುವುದು. ಅವರು ಹಾಸಿಗೆ ಹಿಡಿದರೆ ಮಕ್ಕಳ ಲಸಿಕೆ, ಗರ್ಭಿಣಿಯರ ತಪಾಸಣೆ ಎಲ್ಲವೂ ನಿಲ್ಲುವುವು. ಆದುದರಿಂದ ಆರೋಗ್ಯ ಸಿಬ್ಬಂದಿಯು ಮೊದಲೇ ಸಿದ್ಧರಾಗಿರಬೇಕು:

1. ಮಾಸ್ಕನ್ನು ಸರಿಯಾಗಿ ಧರಿಸಲು, ತೆಗೆಯಲು ಕಲಿತಿರಬೇಕು.
2. ಪ್ರತಿ ರೋಗಿಯನ್ನು ಮುಟ್ಟುವ ಮೊದಲೂ ಅನಂತರವೂ ಕೈ ತೊಳೆಯಬೇಕು.
3. ಕೆಮ್ಮು, ಜ್ವರವಿರುವವರನ್ನು ಇತರ ರೋಗಿಗಳಿಂದ ದೂರ ಕೂರಿಸಬೇಕು.
4. ತಮಗೇ ಜ್ವರ ಬಂದರೆ ಮನೆಭೇಟಿಯನ್ನು ನಿಲ್ಲಿಸಬೇಕು.
5. ಫ್ಲೂ ಲಸಿಕೆಯನ್ನು ಮುಂಚಿತವಾಗಿ ಹಾಕಿಸಿಕೊಳ್ಳಬೇಕು. ಲಸಿಕೆಯು ಫಲ ಕೊಡಲು ಸುಮಾರು ಎರಡು ವಾರ ಬೇಕು. ಅವರಿಗೆ ಮೊದಲು ಲಸಿಕೆ ನೀಡುವುದು ಪಕ್ಷಪಾತವಲ್ಲ. ಅದು ನಿಮ್ಮ ಮನೆಗೂ ರಕ್ಷಣೆ.

ಇನ್ನು ನಿಮ್ಮ ಕರ್ತವ್ಯ. ಮನೆಯಲ್ಲಿ ಯಾರಿಗೇ ಜ್ವರ ಬಂದರೂ ಮುಚ್ಚಿಡಬೇಡಿ. ಗರ್ಭಿಣಿಯಾದ ಪತ್ನಿಗೆ ಜ್ವರ, ಕೆಮ್ಮು, ಗಂಟಲುನೋವು ಕಾಣಿಸಿದರೆ, “ಕಷಾಯ ಕುಡಿಯಲಿ, ನಾಳೆ ನೋಡೋಣ” ಎಂದು ಪತಿಯು ಉದಾಸೀನ ಮಾಡಬಾರದು. ಅದೇ ದಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆತರಬೇಕು. ವೈದ್ಯರು ಕೊಡುವ ಒಸೆಲ್ಟಾಮಿವಿರ್ ಔಷಧಿಯನ್ನು ಮೊದಲ 2 ದಿನಗಳೊಳಗೆ ಆರಂಭಿಸಿದರೆ ಹೆಚ್ಚು ಗುಣಕಾರಿ. ಏದುಸಿರು ಅಥವಾ ಎದೆನೋವು ಇದ್ದರೆ ಗಳಿಗೆಯೂ ತಡಮಾಡದೆ ಆಸ್ಪತ್ರೆಗೆ ಸೇರಿಸಬೇಕು. ಗರ್ಭಿಣಿಯರು ಫ್ಲೂ ಲಸಿಕೆಯನ್ನು ಹಾಕಿಸಿಕೊಂಡರೆ, ಹುಟ್ಟುವ ಮಗುವಿಗೂ ಮೊದಲ ಕೆಲವು ತಿಂಗಳು ರಕ್ಷಣೆ ದೊರೆಯುತ್ತದೆ.

ಮನೆಗೆ ಬಂದವರಿಗೆ ಕಾಲಿಗೆ ನೀರು ಕೊಡುವುದು ನಮ್ಮ ಹಿರಿಯರ ಪದ್ಧತಿ. ಆರೋಗ್ಯ ಸಹಾಯಕಿ ಬಂದಾಗ ಕೈಗೂ ನೀರು ಕೊಡಿ, ಜೊತೆಗೆ ಸಾಬೂನನ್ನೂ ಇಡಿ.