ಸ್ಟೆಂಟ್‌ಗೆ ಗ್ಯಾರಂಟಿ ಕೇಳುವವರಿಗೆ

ಮೊನ್ನೆ ಯಲಹಂಕ ಕೆರೆ ಏರಿಯ ಮೇಲೆ ಸಿಕ್ಕ ಹಿರಿಯರೊಬ್ಬರು ಕಾಲು ತೋರಿಸಿ ಹೇಳಿದರು: "ಬ್ಲಾಕ್ ತೆಗೆಸಿ ಸ್ಟೆಂಟ್ ಹಾಕ್ಸಾಯ್ತು ಸ್ವಾಮಿ. ಪೈಪು ಕ್ಲೀನು. ಮಾತ್ರೆನೂ ಬಿಟ್ಟಿದ್ದೀನಿ." ಅಂಗಿಯ ಜೇಬಿನಲ್ಲಿ ಬೀಡಿ ಕಟ್ಟು ಇಣುಕುತ್ತಿತ್ತು. ಈ 'ಪೈಪು' ಎಂಬ ಮಾತು ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತದೆ.

ರಕ್ತನಾಳ ಜಲಮಂಡಳಿಯ ಪೈಪಲ್ಲ, ಅದಕ್ಕೆ ಜೀವವಿದೆ. ಬ್ಲಾಕ್ ತೆರೆಯಲು ಒಳಗೆ ತೂರಿಸಿದ ಬಲೂನು ಉಬ್ಬಿದಾಗ ನಾಳದ ಒಳಗೋಡೆ ಸೀಳುತ್ತದೆ. ಆ ಗಾಯ ಮಾಯುವಾಗ ಒಳಪದರ ದಪ್ಪಗೆ ಬೆಳೆದು ದಾರಿ ಮತ್ತೆ ಕಿರಿದಾಗಬಹುದು. ತೊಡೆಯ ನಾಳವಂತೂ ಕೂತಾಗ ಎದ್ದಾಗ ಬಾಗುತ್ತದೆ, ತಿರುಚುತ್ತದೆ. ಹಾಗಾಗಿ ಎದೆಯ ಸ್ಟೆಂಟಿನ ಲೆಕ್ಕ ಕಾಲಿಗೆ ಹೊಂದುವುದಿಲ್ಲ. ಸೊಂಟದ ಬಳಿಯ ದೊಡ್ಡ ನಾಳ ಹೆಚ್ಚು ಕಾಲ ತೆರೆದಿರುತ್ತದೆ, ಮಂಡಿಯ ಕೆಳಗಿನ ಸಣ್ಣ ನಾಳ ಬೇಗ ಮುಚ್ಚುತ್ತದೆ. ಅಡಚಣೆ ಎಷ್ಟು ಉದ್ದವಿತ್ತು, ಸುಣ್ಣಗಟ್ಟಿತ್ತೇ, ಪಾದಕ್ಕೆ ಇಳಿಯುವ ಮೂರು ನಾಳಗಳಲ್ಲಿ ಎಷ್ಟು ಉಳಿದಿವೆ, ಶುಗರ್ ಹೇಗಿದೆ, ಕಿಡ್ನಿ ಹೇಗಿದೆ ಎಂಬುದರ ಮೇಲೆ ಫಲ ನಿಂತಿದೆ. ಇವುಗಳಲ್ಲಿ ಹಲವು ರೋಗಿಯ ಕೈಮೀರಿದವು. ಬೀಡಿ ಹಾಗಲ್ಲ. ರಕ್ತ ಹೆಪ್ಪುಗಟ್ಟದಂತೆ ಕೊಡುವ ಮಾತ್ರೆಯೂ ಕೊಲೆಸ್ಟರಾಲ್ ಮಾತ್ರೆಯೂ ಹಾಗಲ್ಲ. ಡಾಕ್ಟರ್ ಹೇಳದೆ ಹೆಪ್ಪು ತಡೆಯುವ ಮಾತ್ರೆ ನಿಲ್ಲಿಸಿದರೆ ತೆರೆದ ನಾಳ ಒಂದೇ ರಾತ್ರಿಯಲ್ಲಿ ಕಟ್ಟಬಹುದು.

ಕಟ್ಟಿದ ನಾಳವನ್ನು ಒಳಗಿನಿಂದಲೇ ತೆರೆಯುವ ಈ ಆಂಜಿಯೋಪ್ಲಾಸ್ಟಿ ಹುಟ್ಟಿದ್ದು ಹೃದಯಕ್ಕಾಗಿ ಎಂಬುದೂ ತಪ್ಪು. 1964ರ ಜನವರಿಯಲ್ಲಿ ಅಮೆರಿಕದ ಪೋರ್ಟ್‌ಲ್ಯಾಂಡ್‌ನಲ್ಲಿ ಚಾರ್ಲ್ಸ್ ಡಾಟರ್ ಮೊದಲು ತೆರೆದದ್ದು, ಕಾಲು ಕತ್ತರಿಸಲು ಒಪ್ಪದ 82 ವರ್ಷದ ಅಜ್ಜಿಯೊಬ್ಬರ ಕಾಲಿನ ನಾಳವನ್ನು.

ನಡೆದರೆ ಸ್ಟೆಂಟ್ ಜಾರುತ್ತದೆ ಎನ್ನುತ್ತಾರೆ. ಜಾರುವುದಿಲ್ಲ, ನಡಿಗೆಯೇ ಚಿಕಿತ್ಸೆಯ ಭಾಗ. ಮೀನಖಂಡ ಹಿಡಿದುಕೊಂಡರೆ 'ವಾಯು' ಎನ್ನುತ್ತಾರೆ. ಇಷ್ಟು ದೂರ ನಡೆದರೆ ನೋವು, ನಿಂತರೆ ಮಾಯ ಎಂದಾದರೆ ನಾಳವನ್ನೇ ಅನುಮಾನಿಸಬೇಕು. ಪಾದ ತಣ್ಣಗಿದೆಯೆಂದು ಬಿಸಿನೀರಿನ ಚೀಲ ಇಡುತ್ತಾರೆ; ಸ್ಪರ್ಶ ತಿಳಿಯದ ಶುಗರ್ ಪಾದ ಸುಟ್ಟುಹೋಗುತ್ತದೆ.

ಇನ್ನು ಬೆಳ್ಳುಳ್ಳಿ, ಶುಂಠಿ, ನಿಂಬೆರಸ, ವಿನೆಗರ್ ಕುದಿಸಿ ಕುಡಿದರೆ ಬ್ಲಾಕ್ ಕರಗುತ್ತದೆ ಎಂಬ ವಾಟ್ಸಾಪ್ ಸಂದೇಶ. ಡಾಕ್ಟರ್ ಬರೆದ ಮಾತ್ರೆಗೆ ನೂರು ಸೈಡ್ ಎಫೆಕ್ಟ್ ಹುಡುಕುವ ನಾವು, ಯಾರು ಬರೆದರೋ ಗೊತ್ತಿಲ್ಲದ ಇದನ್ನು ಒಂದು ಪ್ರಶ್ನೆಯನ್ನೂ ಕೇಳದೆ ಹತ್ತು ಜನರಿಗೆ ದಾಟಿಸುತ್ತೇವೆ. ಓದಿದವರೂ ಇದನ್ನೇ ಮಾಡುವುದು ನನಗೆ ಹೆಚ್ಚು ನೋವಿನ ಸಂಗತಿ.

ಮತ್ತೆ ಬೀಡಿಯ ಮಾತಿಗೆ ಬಂದರೆ, ಬರ್ಗರ್ ಕಾಯಿಲೆ ಎಂಬುದೊಂದಿದೆ. ತಂಬಾಕು ಬಳಸುವವರಿಗೆ, ಹೆಚ್ಚಾಗಿ ಐವತ್ತು ತುಂಬುವ ಮೊದಲೇ, ಕೈಕಾಲಿನ ಸಣ್ಣ ನಾಳಗಳು ಮುಚ್ಚುತ್ತವೆ. ಅಲ್ಲಿ ಬಲೂನಿಗಿಂತ ತಂಬಾಕು ಬಿಡುವುದೇ ಕಾಲು ಉಳಿಸುವ ದಾರಿ. ಯಶವಂತಪುರ ಯಾರ್ಡಿನಲ್ಲಿ ಮೂಟೆ ಹೊರುವ ಹುಡುಗರಿಗೆ ಇದನ್ನು ಯಾರಾದರೂ ಕೂತು ಹೇಳಬೇಕು.

ಬಿಡಲಾಗುತ್ತಿಲ್ಲ ಎನ್ನುವವರು 1800 112 356ಕ್ಕೆ ಕರೆ ಮಾಡಿ. ಅದು ತಂಬಾಕು ಬಿಡಿಸುವ ರಾಷ್ಟ್ರೀಯ ಸಹಾಯವಾಣಿ. ಕರೆಗೆ ದುಡ್ಡಿಲ್ಲ, ನಮ್ಮ ನಿಮ್ಹಾನ್ಸ್‌ನಿಂದ ಕನ್ನಡದಲ್ಲೇ ಮಾತಾಡುತ್ತಾರೆ.